ಕೊನೆ ಬಸ್ಸಿನ ಬಿಲ್ಲು ಯಾರ ಹೆಸರಿಗೆ?

1/8

ಫೋಟೋದಲ್ಲಿ ಏನಿದೆ ಅಂತ ಹುಡುಕಬೇಡಿ. ಏನೂ ಇಲ್ಲ. ನಮ್ಮೂರ ಅರಳಿಕಟ್ಟೆ ಪಕ್ಕದ ಖಾಲಿ ಜಾಗ ಅದು. ದೊಡ್ಡಬಳ್ಳಾಪುರ ತಾಲ್ಲೂಕು, ಸಾಸಲು ಹೋಬಳಿ.

2020ರ ಮಾರ್ಚ್‌ವರೆಗೂ ದಿನಾ ರಾತ್ರಿ ಅಲ್ಲೊಂದು ಬಸ್ ನಿಲ್ತಿತ್ತು. ರಾತ್ರಿ ಎಂಟೂಕಾಲಿಗೆ ದೊಡ್ಡಬಳ್ಳಾಪುರದಿಂದ ಬಂದು ಅಲ್ಲೇ ಹಾಲ್ಟ್, ಬೆಳಗ್ಗೆ ಆರಕ್ಕೆ ವಾಪಸ್. ಡ್ರೈವರಣ್ಣ ಹಿಂದಿನ ಸೀಟಲ್ಲೇ ಮಲಗ್ತಿದ್ರು. ನಮ್ಮಜ್ಜಿ ಅವರಿಗೆ ಮುದ್ದೆ, ಸಾರು ಕಳಿಸೋರು. ಊರ ಬಾಗಿಲಲ್ಲಿ ಹಾರ್ನ್ ಕೇಳಿದ್ರೆ ಅಮ್ಮ ಬಂದ್ಲು ಅಂತ ನಮಗೆ ಲೆಕ್ಕ. ಅಮ್ಮ ಗಾರ್ಮೆಂಟ್ಸಲ್ಲಿ ಟೈಲರ್.

ಬಸ್ಸು ನಮ್ಮ ಸೋದರಮಾವಂದು. ದೊಡ್ಡ ಟ್ರಾವೆಲ್ಸ್ ಅಂದ್ಕೋಬೇಡಿ. ಒಂದೇ ಬಸ್ಸು, ಅದೂ ಸೆಕೆಂಡ್ ಹ್ಯಾಂಡ್, ಅದೂ ಸಾಲದಲ್ಲಿ.

ಆ ಬಸ್ ಈಗ ಇಲ್ಲ. ಆ ಟ್ರಿಪ್ ಕೂಡ ಇಲ್ಲ. ಬೇರೆ ಯಾರೂ ಬಂದು ಆ ಟ್ರಿಪ್ ಹಿಡಿಯಲಿಲ್ಲ.

ಈ ಸರಣಿಯಲ್ಲಿ ಎಂಟು ಪೋಸ್ಟ್ ಇದೆ. ಎಂಟರಲ್ಲೂ ನಾನು ಹೇಳೋದು ಒಂದೇ ಮಾತು. ಕೊರೊನಾದಲ್ಲಿ "ಬಸ್ಸಿಗೆ ನಷ್ಟ ಆಯ್ತು" ಅಂತ ಎಲ್ಲರೂ ಹೇಳ್ತಾರಲ್ಲ, ಆ ಪದವೇ ತಪ್ಪು. ಅದು ಸರ್ಕಾರ ಆರ್ಡರ್ ಮಾಡಿ ತಗೊಂಡ ಸೇವೆ. ಬಿಲ್ಲು ಮಾತ್ರ ಪೂರ್ತಿ ಕಟ್ಟಲಿಲ್ಲ. ಆ ಬಾಕಿಯನ್ನ ಐದು ವರ್ಷ ಆದ್ರೂ ಕಟ್ತಾ ಇರೋರು ಡ್ರೈವರು, ಕಂಡಕ್ಟರು, ನಮ್ಮ ಮಾವನಂಥ ಒಂದೇ ಬಸ್ಸಿನ ಓನರು, ಮತ್ತೆ ರೂಟಿನ ಕೊನೆಯಲ್ಲಿರೋ ಊರಿನ ಜನ.

ಒಪ್ಪದೇ ಇದ್ರೂ ಪರವಾಗಿಲ್ಲ. ಎಂಟೂ ಓದಿ, ಆಮೇಲೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

2/8

ಇದು ಮಾವನ ಕಲೆಕ್ಷನ್ ನೋಟ್‌ಬುಕ್. ಎಡಕ್ಕೆ ತಾರೀಕು, ಬಲಕ್ಕೆ ಟ್ರಿಪ್ಪಿನ ದುಡ್ಡು, ಡೀಸೆಲ್, ಬಾಟಾ. ಕೊನೆ ಎಂಟ್ರಿ 2020ರ ಮಾರ್ಚ್ 21, ಶನಿವಾರ. 22ಕ್ಕೆ ಜನತಾ ಕರ್ಫ್ಯೂ. 25ರಿಂದ ಇಡೀ ದೇಶ ಬಂದ್. ಅದಾದ್ಮೇಲೂ ಒಂದು ವಾರ ಮಾವ ತಾರೀಕು ಬರೆದಿದ್ದಾರೆ, ಮುಂದೆ ಖಾಲಿ. ಏಪ್ರಿಲ್‌ಗೆ ತಾರೀಕು ಬರೆಯೋದನ್ನೂ ಬಿಟ್ಟರು.

ನಾನು ಬಿಕಾಂ ಫೈನಲ್ ಇಯರ್. ಕಾಸ್ಟ್ ಅಕೌಂಟಿಂಗಲ್ಲಿ ಮೊದಲು ಹೇಳಿಕೊಡೋ ಪಾಠ, ಖರ್ಚಲ್ಲಿ ಎರಡು ಜಾತಿ. ಒಂದು ಗಾಡಿ ಓಡಿದ್ರೆ ಮಾತ್ರ ಬರೋ ಖರ್ಚು: ಡೀಸೆಲ್, ಟೈರು, ಬಾಟಾ. ಇನ್ನೊಂದು ಗಾಡಿ ಓಡಲಿ, ನಿಲ್ಲಲಿ, ಬಂದೇ ಬರೋ ಖರ್ಚು: ಸಾಲದ ಕಂತು, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ, ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ ಇಂಥ ಬಸ್ಸಿಗೆ ಟ್ಯಾಕ್ಸು ಸೀಟಿನ ಲೆಕ್ಕದಲ್ಲಿ, ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಟ್ಟಬೇಕು.

ಲಾಕ್‌ಡೌನ್ ನಿಲ್ಲಿಸಿದ್ದು ಮೊದಲನೇ ಜಾತಿ ಖರ್ಚನ್ನ ಮಾತ್ರ. ಎರಡನೇದು ಮೀಟರ್ ಥರ ಓಡ್ತಾನೇ ಇತ್ತು. ಮೇಲಿಂದ, ನಿಂತ ಬಸ್ಸು ಸುಮ್ನೆ ನಿಂತಿರಲ್ಲ. ಬ್ಯಾಟರಿ ಸಾಯುತ್ತೆ, ಟೈರು ಬಿರುಕು ಬಿಡುತ್ತೆ, ಸೀಟಿನ ಸ್ಪಂಜು ಇಲಿ ಪಾಲಾಗುತ್ತೆ. ನಮ್ಮ ಬಸ್ಸಿಗೆ ಮೂರೂ ಆಯ್ತು.

ಲಾಕ್‌ಡೌನ್ ಮಾಡಿದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮಾಡಲೇಬೇಕಿತ್ತು ಅಂತಾನೇ ಇಟ್ಕೊಳ್ಳಿ. ನನ್ನ ಪ್ರಶ್ನೆ ಅದರ ಮುಂದಿಂದು. ಊರಿನ ಜೀವ ಉಳಿಸೋಕೆ "ನಿನ್ನ ಗಾಡಿ ನಿಲ್ಲಿಸು" ಅಂತ ಒಬ್ಬನಿಗೆ ಹೇಳಿದ ಮೇಲೆ, ನಿಂತ ಗಾಡಿಯ ಖರ್ಚು ಅವನೊಬ್ಬನದೇ ಹೆಂಗಾಗುತ್ತೆ? ಉಪಯೋಗ ಊರಿಗೆಲ್ಲ, ಕಂತು ಅವನಿಗೊಬ್ಬನಿಗೆ. ಇದ್ಯಾವ ಲೆಕ್ಕ?

3/8

ಬಸ್ ಮತ್ತೆ ಶುರುವಾಗಿದ್ದು 2020ರ ಮೇ 19ಕ್ಕೆ. "ಶುರುವಾಯ್ತಲ್ಲ, ಮತ್ತೇನು" ಅನ್ನೋರು ಆ ರೂಲ್ಸ್ ಒಂದ್ಸಲ ನೆನಪು ಮಾಡ್ಕೊಳ್ಳಿ.

ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 30 ಜನ ಮಾತ್ರ. ಬಿಎಂಟಿಸಿಯಲ್ಲಿ ಮೊದಲ ದಿನಗಳಲ್ಲಿ ಟಿಕೆಟ್ಟೇ ಇಲ್ಲ, ದಿನದ ಪಾಸ್ 70 ರೂಪಾಯಿ ಅಥವಾ ವಾರದ ಪಾಸ್ 300. ಕೈಯಿಂದ ಕೈಗೆ ಚಿಲ್ಲರೆ ಹೋಗಬಾರದು ಅನ್ನೋದು ಕಾರಣ. ಕಾರಣ ಸರಿ. ಆದ್ರೆ ನಾಲ್ಕು ಸ್ಟಾಪ್ ಆಚೆ ಕೆಲಸಕ್ಕೆ ಹೋಗೋ ಹೆಂಗಸು ಎರಡು ತಿಂಗಳು ಸಂಬಳ ಇಲ್ಲದೇ ಕೂತು, ಮೊದಲ ದಿನಾನೇ 70 ಎಲ್ಲಿಂದ ತರಬೇಕಿತ್ತು? ಜನ ಬೈದ ಮೇಲೆ ಕೆಲವೇ ದಿನದಲ್ಲಿ ಟಿಕೆಟ್ ವಾಪಸ್ ಬಂತು.

ಇನ್ನೊಂದು ರೂಲ್ಸು ರಾತ್ರಿ 7ರಿಂದ ಬೆಳಗ್ಗೆ 7ರವರೆಗೆ ಕರ್ಫ್ಯೂ. ನಮ್ಮೂರ ಬಸ್ಸಿನ ಟೈಮ್ ಹೇಳಿದ್ನಲ್ಲ, ರಾತ್ರಿ ಎಂಟೂಕಾಲು, ಬೆಳಗ್ಗೆ ಆರು. ದುಡಿಯೋರನ್ನ ಕರ್ಕೊಂಡು ಹೋಗೋ ಟ್ರಿಪ್ಪು, ಕರ್ಕೊಂಡು ಬರೋ ಟ್ರಿಪ್ಪು, ಎರಡೂ ಕರ್ಫ್ಯೂ ಒಳಗೇ ಬಿದ್ದವು.

ಈಗ ಸಣ್ಣ ಲೆಕ್ಕ. ಉದಾಹರಣೆಗೆ ಇಟ್ಕೊಳ್ಳಿ, ಒಂದು ಟ್ರಿಪ್ಪಿನ ಪೂರ್ತಿ ಖರ್ಚು 1000 ರೂಪಾಯಿ. ಟಿಕೆಟ್ 20. ಐವತ್ತು ಜನ ಹತ್ತಿದ್ರೆ ಅಸಲು ಹುಟ್ಟುತ್ತೆ. ಈಗ ಆರ್ಡರ್ ಬಂತು, 30 ಜನ ಮಾತ್ರ. ಕಲೆಕ್ಷನ್ 600. ಕೊರತೆ 400.

ಆ 400 ರೂಪಾಯಿಗೆ ಏನು ಬಂತು ಹೇಳಿ? ಇಪ್ಪತ್ತು ಖಾಲಿ ಸೀಟು ಬಂತು. ಆ ಖಾಲಿ ಸೀಟಿಂದ ಸೋಂಕು ಕಮ್ಮಿ ಆಗುತ್ತೆ, ಆಸ್ಪತ್ರೆ ಮೇಲೆ ಹೊರೆ ಇಳಿಯುತ್ತೆ ಅಂತಾನೇ ಸರ್ಕಾರ ಆರ್ಡರ್ ಮಾಡಿದ್ದು. ಅಂದ್ರೆ ಖಾಲಿ ಸೀಟೂ ಒಂದು ಸೇವೆ. ಅದನ್ನ ಕೊಂಡೋರು ಸರ್ಕಾರ. ಟಿಕೆಟ್ ತಗೊಳ್ಳಬೇಕಾಗಿದ್ದು ಸರ್ಕಾರ. ತಗೊಂಡರಾ?

4/8

"ಸರ್ಕಾರ ಏನೂ ಕೊಡಲಿಲ್ಲ" ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕೊಟ್ಟಿದ್ದನ್ನ ಕೊಟ್ಟಿದ್ದು ಅಂತಾನೇ ಬರೀತೀನಿ.

2020ರ ಮೇ 6ಕ್ಕೆ 1,610 ಕೋಟಿ ಪ್ಯಾಕೇಜ್ ಘೋಷಣೆ ಆಯ್ತು. ಆಟೋ, ಟ್ಯಾಕ್ಸಿ ಡ್ರೈವರ್‌ಗಳಿಗೆ ತಲಾ 5,000. 2021ರ ಮೇನಲ್ಲಿ ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್‌ಗೆ 3,000. ಬೇಕಿತ್ತು, ಸಾಲದೇ ಇದ್ರೂ ಬೇಕಿತ್ತು. ಆದ್ರೆ ಖಾಸಗಿ ಬಸ್ಸಿನ ಡ್ರೈವರು, ಕಂಡಕ್ಟರು, ಕ್ಲೀನರು ಆ ಎರಡು ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ಡ್ರೈವರಣ್ಣ ಎರಡು ಸಲ ಕೇಳಿ ನೋಡಿ, ಮೂರನೇ ಸಲ ತೋಟದ ಕೂಲಿಗೆ ಹೋದರು.

ಬಸ್ಸುಗಳಿಗೆ ಎರಡು ತಿಂಗಳ ಟ್ಯಾಕ್ಸ್ ಬಿಟ್ಟರು. ಅದೂ ನಿಜ. ಜೊತೆಗೆ ಇದೂ ನಿಜ: 2020ರ ಏಪ್ರಿಲ್‌ನಿಂದ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 21ರಿಂದ 24 ಪರ್ಸೆಂಟ್ ಆಯ್ತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರ್ ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿತು. ಆಗ ಕಚ್ಚಾ ತೈಲ ನೆಲಕಚ್ಚಿತ್ತು, ಅದಕ್ಕೇ ಬಂಕಲ್ಲಿ ಅವತ್ತೇ ಬಿಸಿ ತಟ್ಟಲಿಲ್ಲ. ಇಳಿಯಬೇಕಿದ್ದ ರೇಟು ಇಳಿಯಲಿಲ್ಲ ಅಷ್ಟೇ. ಆಮೇಲೆ ಏರ್ತಾ ಏರ್ತಾ 2021ರ ಜೂನ್ ಹೊತ್ತಿಗೆ ಬೆಂಗಳೂರಲ್ಲಿ ಡೀಸೆಲ್ 90 ದಾಟಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳೋದು ಅಂದ್ರೆ ಇದೇ.

ಇನ್ನು ಸಾಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡೋಕೆ ಅವಕಾಶ ಕೊಟ್ಟಿತು. ಟಿವಿಯಲ್ಲಿ ಕೇಳಿದ ನಮ್ಮಜ್ಜಿ "ಸಾಲ ಬಿಟ್ಟರಂತೆ" ಅಂತ ದೇವರಿಗೆ ಕೈ ಮುಗಿದಿದ್ರು. ಬಿಟ್ಟಿರಲಿಲ್ಲ. ಬಡ್ಡಿ ಓಡ್ತಿತ್ತು. ಆರು ಲಕ್ಷ ಸಾಲ, 15 ಪರ್ಸೆಂಟ್ ಬಡ್ಡಿ ಅಂತ ಇಟ್ಕೊಂಡ್ರೆ ತಿಂಗಳಿಗೆ 7,500, ಆರು ತಿಂಗಳಿಗೆ 45,000. ಓಡದೇ ಇರೋ ಬಸ್ಸಿನ ಮೇಲೆ. ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿತು. ಆದ್ರೆ ಅಸಲು ಬಡ್ಡಿ ಹಾಗೇ ಉಳೀತು.

ಮಾವನ ಫೈನಾನ್ಸ್‌ನೋರ ಹೆಸರು ಇಲ್ಲಿ ಬೇಡ. ಅವರ ಹುಡುಗರು ಮನೆ ಮುಂದೆ ಬಂದು ಕೂತಿದ್ದು ಮಾತ್ರ ನೆನಪಿದೆ. ಅಜ್ಜಿ ಅವರಿಗೂ ಟೀ ಕೊಟ್ಟರು.

5/8

ಈಗ ಸರ್ಕಾರಿ ಬಸ್ಸಿನ ವಿಷಯ. ಖಾಸಗಿ ಓನರ್ ಸೊಸೆ ಸರ್ಕಾರಿ ಬಸ್ ಪರ ಯಾಕೆ ಮಾತಾಡ್ತಾಳೆ ಅಂತೀರೇನೋ. ಇಬ್ಬರಿಗೂ ಹಾಕಿದ್ದು ಒಂದೇ ಬರೆ, ಅದಕ್ಕೆ.

2020ರ ಮೇ ಮೊದಲ ವಾರ ಮೆಜೆಸ್ಟಿಕ್ ನೆನಪಿದೆಯಾ? ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು, ಊರಿಗೆ ಹೊರಟ ಕೂಲಿ ಜನ. ಮೊದಲು ಅವರ ಹತ್ರ ದುಬಾರಿ ಚಾರ್ಜ್ ಕೇಳಿದ್ರು. ರಾಜ್ಯವೆಲ್ಲ ಛೀ ಅಂದ ಮೇಲೆ ಪ್ರಯಾಣ ಫ್ರೀ ಮಾಡಿದ್ರು. ಅವರನ್ನ ಮನೆ ಮುಟ್ಟಿಸಿದ್ದು ಕೆಎಸ್‌ಆರ್‌ಟಿಸಿ ಡ್ರೈವರ್‌ಗಳು. ಜೂನ್ 25ಕ್ಕೆ ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರುವಾದಾಗ ಹಾಲ್ ಟಿಕೆಟ್ ತೋರಿಸಿದ್ರೆ ಸರ್ಕಾರಿ ಬಸ್ ಫ್ರೀ. ಎರಡನೇ ಅಲೆಯಲ್ಲಿ ಬಸ್ಸನ್ನೇ ಆಕ್ಸಿಜನ್ ಇರೋ ಐಸಿಯು ಮಾಡಿದ್ರು.

ಸರ್ಕಾರಿ ಬಸ್ ಬಾರದ ನಮ್ಮೂರಲ್ಲಿ ಪರೀಕ್ಷೆಗೆ ಕರ್ಕೊಂಡು ಹೋಗಿದ್ದು ಮಾವ. ಬ್ಯಾಟರಿ ಸತ್ತಿದ್ದ ಬಸ್ಸನ್ನ ಊರವರೆಲ್ಲ ಸೇರಿ ತಳ್ಳಿ ಸ್ಟಾರ್ಟ್ ಮಾಡಿದ್ವಿ. ಹಾದಿಯ ಮೂರು ಊರಿನ ಮಕ್ಕಳು, ಮಾಸ್ಕ್ ಹಾಕ್ಕೊಂಡು, ಸೀಟಿಗೊಬ್ಬರು. ಡೀಸೆಲ್ ಮಾವನದು. ಟಿಕೆಟ್ ಇಲ್ಲ.

ಅಂದ್ರೆ ಕಷ್ಟ ಬಂದಾಗ ಬಸ್ಸು ಎಲ್ಲರದ್ದು. ಕಷ್ಟ ಮುಗಿದು ಲೆಕ್ಕ ಕೂತಾಗ ಬಸ್ಸು ಯಾರದ್ದೂ ಅಲ್ಲ.

ಸಂಬಳಕ್ಕೆ ಸರ್ಕಾರ ಒಂದಷ್ಟು ದುಡ್ಡು ಕೊಟ್ಟಿತು, ಆದ್ರೂ ನೌಕರರಿಗೆ ಅರ್ಧ ಸಂಬಳ ಬಂದ ತಿಂಗಳೂ ಇತ್ತು. 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ಮುಷ್ಕರ. ಭರವಸೆ ಸಿಕ್ತು. 2021ರ ಏಪ್ರಿಲ್ 7ಕ್ಕೆ ಆರನೇ ವೇತನ ಆಯೋಗದ ಸಂಬಳ ಕೇಳಿ ಮತ್ತೆ ಮುಷ್ಕರ. ಎರಡು ವಾರ ನಡೀತು. ಸಾವಿರಾರು ನೌಕರರ ಮೇಲೆ ವಜಾ, ಅಮಾನತು, ವರ್ಗಾವಣೆ. ಆ ಎರಡು ವಾರ ಸರ್ಕಾರಿ ಸ್ಟ್ಯಾಂಡ್ ಒಳಗೇ ಖಾಸಗಿ ಬಸ್ಸುಗಳನ್ನ ಕರೆದು ನಿಲ್ಲಿಸಿದ್ರು. ವರ್ಷವಿಡೀ ಕಣ್ಣಿಗೆ ಬೀಳದ ಖಾಸಗಿ ಬಸ್ಸು ಮುಷ್ಕರ ಮುರಿಯೋಕೆ ಬೇಕಾದಾಗ ಕಾಣಿಸಿತು. ಮುಷ್ಕರ ಮುಗಿದು ಒಂದು ವಾರಕ್ಕೆ, ಏಪ್ರಿಲ್ 27ಕ್ಕೆ, ಮತ್ತೆ ರಾಜ್ಯ ಬಂದ್. ಬಿಎಂಟಿಸಿ ಮತ್ತೆ ರೋಡಿಗಿಳಿದಿದ್ದು ಜೂನ್ 21ಕ್ಕೆ, ಅರ್ಧ ಸೀಟಿಗೆ.

ನೌಕರರನ್ನ ಖಾಸಗಿಯವರ ಮೇಲೆ, ಖಾಸಗಿಯವರನ್ನ ನೌಕರರ ಮೇಲೆ ಎತ್ತಿಕಟ್ಟಿದ್ರೆ ಇಬ್ಬರ ಬಾಕಿಯೂ ಮರೆತುಹೋಗುತ್ತೆ.

6/8

"ಅದೆಲ್ಲ ಹಳೇ ಕಥೆ, ಮುಗೀತು" ಅನ್ನೋರಿಗೆ ಈ ಪೋಸ್ಟ್.

38 ಅನ್ನೋ ನಂಬರ್ ನೆನಪಿಟ್ಕೊಳ್ಳಿ. ಸಾರಿಗೆ ನೌಕರರ ವೇತನ ಪರಿಷ್ಕರಣೆ ಆಗಬೇಕಿದ್ದು 2020ರ ಜನವರಿ 1ರಿಂದ. ಮೂಲ ವೇತನದ ಮೇಲೆ 15 ಪರ್ಸೆಂಟ್ ಏರಿಕೆ ಕೈಗೆ ಬಂದಿದ್ದು 2023ರ ಮಾರ್ಚ್‌ನಿಂದ. ನಡುವಿನ ತಿಂಗಳು ಎಣಿಸಿ, 38. ಆ ಹಿಂಬಾಕಿ 2025ರ ಆರಂಭದವರೆಗೂ ಬಂದಿರಲಿಲ್ಲ. 2024ರ ಡಿಸೆಂಬರ್ 31ರಿಂದ ಮುಷ್ಕರ ಅಂತ ಕರೆ ಕೊಟ್ಟು ಮುಂದೂಡಿದ್ರಲ್ಲ, ಅದರ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದು. ಮೊದಲನೇ ಲಾಕ್‌ಡೌನ್, ಎರಡನೇ ಅಲೆ, ಐಸಿಯು ಬಸ್ಸು, ಎಲ್ಲ ಆ 38 ತಿಂಗಳ ಒಳಗೇ ಇದೆ.

ಇನ್ನೊಂದು ನಂಬರ್ 2,000 ಕೋಟಿ. ನಾಲ್ಕು ನಿಗಮಗಳು ಭವಿಷ್ಯನಿಧಿ ಬಾಕಿ, ಇಂಧನದ ಬಾಕಿ ತೀರಿಸೋಕೆ ಇಷ್ಟು ಸಾಲ ತಗೊಳ್ಳೋದಕ್ಕೆ ಸರ್ಕಾರ ಒಪ್ಪಿತು. ಭವಿಷ್ಯನಿಧಿ ಅಂದ್ರೆ ನೌಕರನದೇ ದುಡ್ಡು. ಅವನ ದುಡ್ಡು ಅವನಿಗೆ ಕಟ್ಟೋಕೆ ಅವನ ಸಂಸ್ಥೆ ಸಾಲ ಮಾಡಬೇಕಾಯ್ತು. ಜೊತೆಗೆ 2025ರ ಜನವರಿ 5ರಿಂದ ಟಿಕೆಟ್ 15 ಪರ್ಸೆಂಟ್ ಜಾಸ್ತಿ ಆಯ್ತು. ಅಂದ್ರೆ ಹಳೇ ಬಾಕಿ ಸುತ್ತಿ ಸುತ್ತಿ ಬಂದು ನಿಮ್ಮ ಟಿಕೆಟ್ ಮೇಲೂ ಕೂತಿದೆ.

"ಎಲ್ಲ ಶಕ್ತಿ ಯೋಜನೆಯಿಂದ ಆಗಿದ್ದು" ಅಂತ ಕಾಮೆಂಟ್ ಟೈಪ್ ಮಾಡೋಕೆ ಮುಂಚೆ ಒಂದ್ನಿಮಿಷ. ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ. 38 ತಿಂಗಳ ಬಾಕಿ ಅದಕ್ಕೂ ಮುಂಚೆ ಮುಗಿದ ಲೆಕ್ಕ. ಇನ್ನೂ ಹೇಳಬೇಕಂದ್ರೆ ಶಕ್ತಿಯ ತತ್ವ ನಾನು ಕೇಳ್ತಿರೋದೇ: ಸರ್ಕಾರ ಹೆಂಗಸರನ್ನ ಫ್ರೀ ಕರ್ಕೊಂಡು ಹೋಗಿ ಅಂತು, ಆ ಟಿಕೆಟ್ ದುಡ್ಡು ತಾನು ಕೊಡ್ತೀನಿ ಅಂತು. ಪೂರ್ತಿ, ಟೈಮಿಗೆ ಕೊಡಬೇಕು ಅನ್ನೋದು ಬೇರೆ ಜಗಳ. ಆದ್ರೆ ಕೊಡಬೇಕಾದೋರು ಯಾರು ಅನ್ನೋದ್ರಲ್ಲಿ ಗೊಂದಲ ಇಲ್ಲ. 2020ರಲ್ಲಿ ಅದೇ ತತ್ವ ಯಾಕಿರಲಿಲ್ಲ?

ಅಮ್ಮಂಗೆ ಶಕ್ತಿ ಉಪಯೋಗ ಆಗಿಲ್ಲ, ಅದೂ ಹೇಳಿಬಿಡ್ತೀನಿ. ಫ್ರೀ ಆಗೋಕೆ ಮೊದಲು ಬಸ್ ಬರಬೇಕಲ್ಲ.

7/8

"ಸರ್ಕಾರದ ಹತ್ರ ದುಡ್ಡೆಲ್ಲಿತ್ತು? ತೆರಿಗೆ ನಿಂತಿತ್ತು, ಆಸ್ಪತ್ರೆಗೇ ಸಾಲ್ತಿರಲಿಲ್ಲ." ನನಗೆ ಸಿಗೋ ಅತಿ ಗಟ್ಟಿ ವಾದ ಇದು. ಇದನ್ನ ತಳ್ಳಿಹಾಕಲ್ಲ.

ಆದ್ರೆ ಯೋಚನೆ ಮಾಡಿ. ದುಡ್ಡು ಸರ್ಕಾರದ ಹತ್ರ ಇಲ್ಲ ಅಂದ್ರೆ, ನಮ್ಮ ಮಾವನ ಹತ್ರ ಇತ್ತಾ? ಅರ್ಧ ಸಂಬಳದ ಕಂಡಕ್ಟರ್ ಹತ್ರ ಇತ್ತಾ? ಬಿಲ್ಲು ಯಾರೋ ಒಬ್ಬರು ಕಟ್ಟಲೇಬೇಕಿತ್ತು. ಕಡಿಮೆ ಬಡ್ಡಿಗೆ, ಹೆಚ್ಚು ವರ್ಷಕ್ಕೆ ಸಾಲ ಎತ್ತೋ ಶಕ್ತಿ ಇರೋದು ಸರ್ಕಾರಕ್ಕೆ. ಫೈನಾನ್ಸ್‌ನಲ್ಲಿ ದುಬಾರಿ ಬಡ್ಡಿ ಕಟ್ಟೋದು ಮಾವ. ಭಾರ ಹೊರೋ ತಾಕತ್ತಿರೋರು ಪಕ್ಕಕ್ಕೆ ಸರಿದು, ತಾಕತ್ತಿಲ್ಲದೋರ ತಲೆ ಮೇಲೆ ಇಟ್ಟರು.

ಬೇರೆ ಕಡೆ ಏನು ಮಾಡಿದ್ರು ನೋಡಿ. ಅಮೆರಿಕದಲ್ಲಿ 2020ರ ಮಾರ್ಚ್‌ನ ಪರಿಹಾರ ಕಾಯ್ದೆಯಲ್ಲೇ ಊರಿನ ಬಸ್ಸು, ರೈಲು ಸಂಸ್ಥೆಗಳಿಗೆ ಅಂತ 2,500 ಕೋಟಿ ಡಾಲರ್ ಎತ್ತಿಟ್ಟರು. ಲಂಡನ್ ಸಾರಿಗೆ ಸಂಸ್ಥೆಗೆ ಮೇ ತಿಂಗಳಲ್ಲೇ ಅನುದಾನ, ಸಾಲ ಸೇರಿ 160 ಕೋಟಿ ಪೌಂಡ್. ಇಂಗ್ಲೆಂಡಲ್ಲಿ ಖಾಸಗಿ ಬಸ್ ಕಂಪನಿಗಳಿಗೂ ಬಸ್ ಓಡಿಸ್ತಾ ಇರಿ, ಕೊರತೆಗೆ ನಾವಿದೀವಿ ಅಂತ ಅನುದಾನ ಕೊಟ್ಟರು. ಅವರು ಶ್ರೀಮಂತರು, ಸರಿ. ನಾನು ಅವರ ಮೊತ್ತ ಕೇಳ್ತಿಲ್ಲ, ಅವರ ಲೆಕ್ಕದ ರೀತಿ ಕೇಳ್ತಿದೀನಿ. ಖಾಲಿ ಸೀಟಿಗೆ ಬೆಲೆ ಇದೆ ಅಂತ ಅವರು ಒಪ್ಪಿದ್ರು. ನಾವು ಅದಕ್ಕೆ ನಷ್ಟ ಅಂತ ಹೆಸರಿಟ್ವಿ.

ಹೆಸರು ಇಡೋದು ಸಣ್ಣ ವಿಷಯ ಅಲ್ಲ. "ನಷ್ಟ" ಅಂದ ತಕ್ಷಣ ತಪ್ಪು ಬಸ್ಸಿಂದಾಗುತ್ತೆ. ನಷ್ಟದ ರೂಟು ಕಟ್ ಮಾಡು, ನಷ್ಟದ ಟ್ರಿಪ್ ನಿಲ್ಲಿಸು ಅನ್ನೋಕೆ ದಾರಿ ಆಗುತ್ತೆ. ಮೊದಲು ಕಟ್ ಆಗೋದು ಯಾವುದು? ದೊಡ್ಡಬಳ್ಳಾಪುರದ 285ಎಂ ಅಲ್ಲ, ದೇವನಹಳ್ಳಿಯ 298ಎಂ ಅಲ್ಲ. ಮೇನ್ ರೋಡಲ್ಲಿ ಯಾವಾಗ್ಲೂ ಜನ ಸಿಗ್ತಾರೆ. ಕಟ್ ಆಗೋದು ಒಳಗಿನ ಊರಿನ ಮೊದಲ ಬಸ್ಸು ಮತ್ತೆ ಕೊನೆ ಬಸ್ಸು.

8/8

ಮಾವ 2021ರ ಸೆಪ್ಟೆಂಬರ್‌ನಲ್ಲಿ ಬಸ್ ಮಾರಿದ್ರು. ಸಾಲ ತೀರಿಸಿ ಉಳಿದಿದ್ದು ಏನೂ ಇಲ್ಲ. ಈಗ ಏರ್‌ಪೋರ್ಟ್ ಕಡೆ ಇನ್ನೊಬ್ಬರ ಕ್ಯಾಬ್ ಓಡಿಸ್ತಾರೆ. ನೋಟ್‌ಬುಕ್ ಮಾತ್ರ ಎಸೆದಿಲ್ಲ.

ಅಮ್ಮ ಈಗ ಮೇನ್ ರೋಡಲ್ಲಿ ಇಳಿದು, ಶೇರ್ ಆಟೋ ಸಿಕ್ಕಿದ್ರೆ ಆಟೋ, ಇಲ್ಲಾಂದ್ರೆ ನಡಿಗೆ. ಓವರ್‌ಟೈಮ್ ಬಿಟ್ಟಿದ್ದಾಳೆ. ನನಗೆ ಕೊನೆ ಕ್ಲಾಸು ಕೂರೋಕಾಗಲ್ಲ, ಸಂಜೆಯ ಟ್ಯಾಲಿ ಕೋರ್ಸ್ ಸೇರೋಕಾಗಿಲ್ಲ. ನನ್ನ ಜೊತೆ ಎಸ್‌ಎಸ್‌ಎಲ್‌ಸಿ ಬರೆದ, ಅದೇ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತಿದ್ದ ಹುಡುಗಿ ಪಿಯುಸಿ ಅರ್ಧಕ್ಕೆ ಬಿಟ್ಟಳು. "ಕತ್ತಲಾದ ಮೇಲೆ ಹೆಂಗೆ ಬರ್ತೀಯ" ಅಂತ ಅವರಪ್ಪ ಕೇಳಿದ್ರಂತೆ. ಅವಳ ಹತ್ರ ಉತ್ತರ ಇರಲಿಲ್ಲ. ಈ ನಷ್ಟವನ್ನ ಯಾವ ನಿಗಮದ ಬ್ಯಾಲೆನ್ಸ್ ಶೀಟಲ್ಲಿ ಬರೀತೀರಿ?

ನನ್ನ ಬೇಡಿಕೆ ಮೂರು.

ಒಂದು, ನೌಕರರ 38 ತಿಂಗಳ ಹಿಂಬಾಕಿ ಕೊಡಿ. ಅದು ದಾನ ಅಲ್ಲ.

ಎರಡು, ಮುಂದೆ ಯಾವತ್ತಾದ್ರೂ ಸರ್ಕಾರ ಬಸ್ ನಿಲ್ಲಿಸಿ ಅಂದ್ರೆ, ಅರ್ಧ ಸೀಟಿಗೆ ಓಡಿಸಿ ಅಂದ್ರೆ, ಅದೇ ಆದೇಶದಲ್ಲಿ ಖರ್ಚು ಯಾರು ಕೊಡ್ತಾರೆ, ಎಷ್ಟು ದಿನದಲ್ಲಿ ಕೊಡ್ತಾರೆ ಅಂತಾನೂ ಬರೆದಿರಬೇಕು. ಸರ್ಕಾರಿ ಬಸ್ಸಿಗೂ, ಪರ್ಮಿಟ್ ಇರೋ ಖಾಸಗಿ ಬಸ್ಸಿಗೂ. ಡ್ರೈವರು, ಕಂಡಕ್ಟರು, ಕ್ಲೀನರು ಎಲ್ಲರ ಹೆಸರೂ ಪಟ್ಟಿಯಲ್ಲಿರಬೇಕು.

ಮೂರು, ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕಲ್ಲಿ 2020ರ ಮಾರ್ಚ್‌ಗೆ ಮುಂಚೆ ಇದ್ದು ಈಗ ಇಲ್ಲದ ಟ್ರಿಪ್‌ಗಳ ಪಟ್ಟಿ ಮಾಡಿ. ಖಾಸಗಿಯವರು ಬಿಟ್ಟ ಟ್ರಿಪ್ ಸರ್ಕಾರಿ ಬಸ್ಸು ಹಿಡೀಲಿ.

ಮೂರನೇದನ್ನ ನಾವೇ ಇಲ್ಲಿಂದ ಶುರು ಮಾಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದೋರು ಕಾಮೆಂಟಲ್ಲಿ ಊರು, ಟೈಮು, ಎಲ್ಲಿಂದ ಎಲ್ಲಿಗೆ ಅಂತ ಬರೀರಿ. ಬರೀ ಹಾರ್ಟ್ ಒತ್ತಿ ಹೋಗಬೇಡಿ. ಪಟ್ಟಿ ಆದ ಮೇಲೆ ಟೈಪ್ ಮಾಡಿ ಹಾಕ್ತೀನಿ. ನಿಮ್ಮೂರ ಗ್ರಾಮಸಭೆಗೆ ಪ್ರಿಂಟ್ ತಗೊಂಡು ಹೋಗಿ ಓದಿ, ನಡಾವಳಿಯಲ್ಲಿ ಬರೆಸಿ.

ಮೊದಲನೇ ಕಾಮೆಂಟ್ ನಂದೇ: ಸಾಸಲು ಹೋಬಳಿ, ದೊಡ್ಡಬಳ್ಳಾಪುರದಿಂದ ಬಂದು ರಾತ್ರಿ 8:15ಕ್ಕೆ ಹಾಲ್ಟ್, ಬೆಳಗ್ಗೆ 6ಕ್ಕೆ ವಾಪಸ್.

#ಕೊನೆಬಸ್ #ನಮ್ಮೂರಬಸ್ #ದೊಡ್ಡಬಳ್ಳಾಪುರ #ಬೆಂಗಳೂರುಗ್ರಾಮಾಂತರ #38ತಿಂಗಳು